ಹೆಡರ್ ಬೇಡ, ಗೇಜ್ ಇರಲಿ: ಶಿರಾಡಿ ಹತ್ತುವ ಲಾರಿಯ ಬಿಸಿ ಲೆಕ್ಕ

ಭಾನುವಾರ ರಾತ್ರಿ ಮಂಗಳೂರಿನಿಂದ ಬೆಂಗಳೂರಿಗೆ ಬಸ್ ಹತ್ತುವವರಿಗೆ ಗುಂಡ್ಯ ದಾಟಿದ ಮೇಲಿನ ಆ ಸದ್ದು ಚೆನ್ನಾಗಿ ಗೊತ್ತಿರುತ್ತದೆ. ಅರ್ಧ ನಿದ್ದೆಯಲ್ಲೇ ಬಸ್ಸು ತೆವಳುತ್ತಿದೆ ಅಂತ ತಿಳಿಯುತ್ತದೆ. ಪರದೆ ಸರಿಸಿ ನೋಡಿದರೆ ಮುಂದೆ ಸಾಲು ಲಾರಿಗಳು. ಪಣಂಬೂರಿನ ಬಂದರಿನಿಂದಲೋ ಬೈಕಂಪಾಡಿಯಿಂದಲೋ ಲೋಡು ತುಂಬಿಕೊಂಡು ಹೊರಟವು. ಕೆಲವು ನಮ್ಮ ನಡಿಗೆಯ ವೇಗಕ್ಕಿಂತ ಸ್ವಲ್ಪವೇ ಜಾಸ್ತಿ. ಹಿಂದಿನಿಂದ ಕಪ್ಪು ಹೊಗೆ. "ಇವನೊಬ್ಬ ಸೈಡ್ ಕೊಟ್ರೆ ಸಾಕಿತ್ತು" ಅಂತ ಗೊಣಗಿ ನಾವು ಮತ್ತೆ ಮಗ್ಗುಲು ಬದಲಿಸುತ್ತೇವೆ.

ಆ ಸಾಲಿನಲ್ಲಿ ಒಂದು ಲಾರಿ ನನ್ನ ಚಿಕ್ಕಮ್ಮನ ಮಗನದ್ದು. ಆರು ಚಕ್ರದ ಹಳೆಯ ಟರ್ಬೊ ಡೀಸೆಲ್, ಬಿಎಸ್-6 ಬರುವ ಮುಂಚಿನದ್ದು. ಓನರೂ ಅವನೇ, ಡ್ರೈವರೂ ಅವನೇ. ಹಾಸನ, ಅರಸೀಕೆರೆ, ಕೆಲವೊಮ್ಮೆ ತುಮಕೂರಿನವರೆಗೆ ಬಾಡಿಗೆ. ಹೋದ ವರ್ಷ ಟರ್ಬೊ ಸುಟ್ಟು ಹದಿನೆಂಟು ದಿನ ಗಾಡಿ ನಿಂತಿತ್ತು. ಲಾರಿ ನಿಂತರೂ ಕಂತು ನಿಲ್ಲುವುದಿಲ್ಲವಲ್ಲ. ಹೊಸ ಟರ್ಬೊ ಹಾಕಿಸಿದ ಮೇಲೂ ಘಾಟಿಯಲ್ಲಿ ಪಿಕಪ್ ಇಲ್ಲ ಅನ್ನುವುದು ಅವನ ದೂರು. ಮಳೆಗಾಲ ಮುಗಿಯುವ ಹೊತ್ತಿಗೆ ಫೋನ್ ಬಂತು.

"ಅಣ್ಣಾ, ಹೆಡರ್ ಹಾಕಿದ್ರೆ ಗಾಡಿ ಎಳೀತದಂತೆ. ಇಪ್ಪತ್ತೆರಡು ಸಾವಿರ ಹೇಳಿದ್ದಾರೆ. ನೀನು ಮೆಕ್ಯಾನಿಕಲ್ ಓದಿದವ, ನಿಂಗೆ ಎಂತ ಅನಿಸ್ತದೆ?"

ಮೆಕ್ಯಾನಿಕಲ್ ಓದಿ ಲ್ಯಾಪ್‌ಟಾಪ್ ಮುಂದೆ ಕೂತವನನ್ನು ಇಂಥದ್ದೆಲ್ಲ ಯಾರೂ ಕೇಳುವುದಿಲ್ಲ. ಹಾಗಾಗಿ ಖುಷಿಯಾಯಿತು. ಎರಡು ವಾರ ಓದಿದೆ, ಬೈಕಂಪಾಡಿಯ ಗ್ಯಾರೇಜಿನಲ್ಲಿ ಎರಡು ಶನಿವಾರ ಕಳೆದೆ, ಅವನ ಜೊತೆ ಒಂದು ಟ್ರಿಪ್ ಶಿರಾಡಿ ಹತ್ತಿದೆ. ಹೇಳಬೇಕು ಅನಿಸಿದ್ದು ಇಷ್ಟು: ಹೆಡರ್ ಅವನಿಗೆ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಸೈಲೆನ್ಸರಿಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಅಂತ ತೋರಿಸುವ ಒಂದು ಸಣ್ಣ ಗೇಜ್.

ಹೆಡರ್ ಅಂದ್ರೆ ಎಂತ?

ಎಂಜಿನ್ನಿನ ಪ್ರತಿ ಸಿಲಿಂಡರಿನಿಂದ ಸುಟ್ಟ ಗಾಳಿ ಹೊರಗೆ ಬಂದು ಒಂದು ಕಡೆ ಸೇರುವ ಭಾಗಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅನ್ನುತ್ತಾರೆ. ಕಂಪನಿಯವರು ಕೊಡುವುದು ದಪ್ಪ ಎರಕದ ಕಬ್ಬಿಣದ್ದು. ನೋಡಲಿಕ್ಕೆ ಚಂದ ಇಲ್ಲ. ಹೆಡರ್ ಅಂದರೆ ಅದರ ಜಾಗದಲ್ಲಿ ಕೂರಿಸುವ ಸ್ಟೀಲ್ ಪೈಪುಗಳ ಗೊಂಚಲು. ಪ್ರತಿ ಸಿಲಿಂಡರಿಗೂ ಒಂದೊಂದು ಪೈಪು, ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದ, ಕೊನೆಗೆ ಒಂದೇ ಬಾಯಿ. ಒಂದು ಸಿಲಿಂಡರಿನ ಗಾಳಿ ಜೋರಾಗಿ ಹೊರಗೆ ನುಗ್ಗುವಾಗ ಹಿಂದೆ ಒಂದು ಸೆಳೆತ ಹುಟ್ಟುತ್ತದೆ. ಪೈಪುಗಳ ಉದ್ದ ಸರಿಯಿದ್ದರೆ ಆ ಸೆಳೆತ ಪಕ್ಕದ ಸಿಲಿಂಡರನ್ನು ಖಾಲಿ ಮಾಡಲಿಕ್ಕೆ ಸಹಾಯ ಮಾಡುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ರೇಸ್ ಕಾರಿನಲ್ಲಿ ಇದರಿಂದ ನಿಜವಾಗಿಯೂ ಲಾಭ ಉಂಟು.

ಟರ್ಬೊ ಡೀಸೆಲ್ಲಿನಲ್ಲಿ ಕತೆ ಬೇರೆ. ಅಲ್ಲಿ ಮ್ಯಾನಿಫೋಲ್ಡಿನ ಬಾಯಿಗೇ ಟರ್ಬೊ ಕೂತಿರುತ್ತದೆ. ಹೊರಗೆ ಹೋಗುವ ಬಿಸಿ ಗಾಳಿ ಅದರ ಚಕ್ರವನ್ನು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮಿಕ್ಕಿ ತಿರುಗಿಸುತ್ತದೆ. ಆ ಚಕ್ರ ಇನ್ನೊಂದು ಚಕ್ರ ತಿರುಗಿಸಿ ಎಂಜಿನ್ನಿಗೆ ಹೊಸ ಗಾಳಿ ಒತ್ತುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ತೆಗೆದುಕೊಂಡ ಐಡಿಯಾ ಇದು: ಬಿಸಾಡುವ ಬಿಸಿಯಿಂದಲೇ ಕೆಲಸ ತೆಗೆಯುವುದು. ಅಂದರೆ ಟರ್ಬೊಗೆ ಬಿಸಿಯೇ ಬೇಕು. ದಪ್ಪ, ಗಿಡ್ಡ ಕಬ್ಬಿಣದ ಮ್ಯಾನಿಫೋಲ್ಡ್ ಆ ಬಿಸಿಯನ್ನು ಹಿಡಿದಿಟ್ಟು ಟರ್ಬೊಗೆ ಮುಟ್ಟಿಸುತ್ತದೆ. ಉದ್ದದ ತೆಳು ಪೈಪು ಅದನ್ನು ದಾರಿಯಲ್ಲೇ ಕ್ಯಾಬಿನ್ನಿನ ಅಡಿಗೆ, ವಯರಿಗೆ, ಡೀಸೆಲ್ ಹೋಸಿಗೆ ಹಂಚುತ್ತದೆ.

ಅಮೆರಿಕದಲ್ಲಿ ಡೀಸೆಲ್ ಪಿಕಪ್ಪುಗಳಿಗೆ ಹೆಡರ್ ಹಾಕುತ್ತಾರೆ, ಸುಳ್ಳಲ್ಲ. ಆದರೆ ಅಲ್ಲಿ ಅದಕ್ಕೆ ಮೊದಲು ದೊಡ್ಡ ಟರ್ಬೊ, ದೊಡ್ಡ ಇಂಟರ್‌ಕೂಲರ್, ಜಾಸ್ತಿ ಡೀಸೆಲ್ ಬಿಡುವ ಪಂಪು ಎಲ್ಲ ಹಾಕಿರುತ್ತಾರೆ. ಹೆಡರ್ ಆ ಪಟ್ಟಿಯ ಕೊನೆಯ ಐಟಮ್. ರೀಲಿನಲ್ಲಿ ನಮಗೆ ಕಾಣುವುದು ಅದು ಮಾತ್ರ, ಯಾಕೆಂದರೆ ಹೊಳೆಯುವುದು ಅದೇ.

ಗ್ಯಾರೇಜಿನ ಹಿರಿಯರನ್ನು ಎಲ್ಲರೂ 'ಅಣ್ಣೆರ್' ಅಂತಲೇ ಕರೆಯುತ್ತಾರೆ. ಅವರು ಇದನ್ನೆಲ್ಲ ಒಂದು ಬೋಲ್ಟಿನಲ್ಲಿ ಮುಗಿಸಿದರು. ಡಬ್ಬಿಯೊಂದರಿಂದ ಮುರಿದ ಸ್ಟಡ್ಡುಗಳನ್ನು ಬೆಂಚಿನ ಮೇಲೆ ಸುರಿದು, "ಇದೆಲ್ಲ ಮ್ಯಾನಿಫೋಲ್ಡಿನದ್ದೇ ಮಾರಾಯ್ರೆ. ಕಂಪನಿಯ ದಪ್ಪ ಮಾಲೇ ಇಷ್ಟು ಮುರೀತದೆ" ಅಂದರು. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಅರ್ಧ ಮೀಟರ್ ಉದ್ದದ ಕಬ್ಬಿಣ 600 ಡಿಗ್ರಿ ಬಿಸಿಯಾದರೆ ಸುಮಾರು ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಐದು ಮಿಲಿಮೀಟರ್. ಒಂದು ಟ್ರಿಪ್ಪಿನಲ್ಲಿ ಹಿಗ್ಗಿ ಕುಗ್ಗಿ ಎಷ್ಟು ಸಲ! ಕಂಪನಿಯವರು ತೂತುಗಳನ್ನು ಸ್ವಲ್ಪ ದೊಡ್ಡದಾಗಿಟ್ಟು, ಜಾರಲಿಕ್ಕೆ ಜಾಗ ಕೊಟ್ಟು ಈ ಲೆಕ್ಕ ಮೊದಲೇ ಮಾಡಿರುತ್ತಾರೆ. ಪೈಪು ಬಗ್ಗಿಸಿ ವೆಲ್ಡ್ ಮಾಡುವವರು ಎಷ್ಟು ಜನ ಮಾಡುತ್ತಾರೆ? ಮೊದಲು ಬಿರುಕು ಬರುವುದು ವೆಲ್ಡಿನ ಪಕ್ಕದಲ್ಲೇ. ಇನ್ನು ನಮ್ಮೂರಿನ ಉಪ್ಪುಗಾಳಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ. ಮೈಲ್ಡ್ ಸ್ಟೀಲ್ ಪೈಪಿನ ಆಯುಸ್ಸು ಎಷ್ಟು ಅಂತ ಮಂಗಳೂರಿನಲ್ಲಿ ಗೇಟು ಮಾಡಿಸಿದವರನ್ನು ಕೇಳಿ.

ಹತ್ತುವಾಗ ಅಲ್ಲ, ಇಳಿಯುವಾಗ

ಅಣ್ಣೆರ್ ಹೇಳಿದ ಎರಡನೇ ಮಾತು ನನ್ನನ್ನು ನಿಜಕ್ಕೂ ಹೆದರಿಸಿತು. "ಎಕ್ಸಾಸ್ಟ್ ಬ್ರೇಕ್ ಉಂಟಲ್ಲ, ಅದಕ್ಕೆ ಎಂತ ಮಾಡ್ತೀರಿ?"

ಲಾರಿ, ಬಸ್ಸು ಘಾಟಿ ಇಳಿಯುವಾಗ ಡ್ರೈವರ್ ಒಂದು ಸ್ವಿಚ್ ಒತ್ತುತ್ತಾನೆ. ಸೈಲೆನ್ಸರಿನ ದಾರಿಯಲ್ಲಿರುವ ಒಂದು ಬಿಲ್ಲೆ ಅಡ್ಡ ತಿರುಗಿ ಹೊಗೆ ಹೋಗುವ ದಾರಿ ಮುಚ್ಚುತ್ತದೆ. ಒಳಗೆ ಒತ್ತಡ ಕಟ್ಟಿಕೊಳ್ಳುತ್ತದೆ, ಪಿಸ್ಟನ್ನುಗಳು ಆ ಒತ್ತಡದ ವಿರುದ್ಧ ತಳ್ಳಬೇಕಾಗುತ್ತದೆ, ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಹೀಗಾಗಿ ಕಾಲಿನ ಬ್ರೇಕು ಕಾದು ಕೈಕೊಡುವುದಿಲ್ಲ. ಈಗ ಯೋಚನೆ ಮಾಡಿ: ಆ ಒತ್ತಡ ಇಡೀ ಮ್ಯಾನಿಫೋಲ್ಡಿನಲ್ಲೂ ಇರುತ್ತದೆ. ಬಿರುಕು ಬಿಟ್ಟ ಹೆಡರಿನಿಂದ, ಸರಿಯಾಗಿ ಕೂರದ ಗ್ಯಾಸ್ಕೆಟ್ಟಿನಿಂದ ಗಾಳಿ ಸೋರಿದರೆ ಎಕ್ಸಾಸ್ಟ್ ಬ್ರೇಕಿನ ಹಿಡಿತ ಅಷ್ಟಕ್ಕಷ್ಟು ಕಡಿಮೆ. ಹತ್ತಲಿಕ್ಕೆ ಅಂತ ಹಾಕಿದ ಮಾಲು ದೋಣಿಗಲ್‌ನಿಂದ ಗುಂಡ್ಯದ ಕಡೆ ಇಳಿಯುವಾಗ ಕೈಕೊಟ್ಟರೆ? ಮುಂದೆ ನಮ್ಮ ನಿಮ್ಮ ಬಸ್ಸೇ ಇರಬಹುದು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಸ್ಪಷ್ಟವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸದ್ದು, ಹೊಗೆ ಮಿತಿ ಮೀರಿದರೆ ಅದು ಬೇರೆಯೇ ಕೇಸು. ಲಾರಿಗೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ. ಅಲ್ಲಿ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಗೇಜಿಗೆ ಈ ರಗಳೆ ಇಲ್ಲ. ಆರ್‌ಸಿಯಲ್ಲಿ ಬರೆದ ಯಾವ ವಿವರವೂ ಅದರಿಂದ ಬದಲಾಗುವುದಿಲ್ಲ.

ಮುಳ್ಳು ಅಲ್ಲಾಡುವುದಿಲ್ಲ ಯಾಕೆ?

"ಟೆಂಪ್ರೇಚರ್ ಮೀಟರ್ ಉಂಟಲ್ಲ ಅಣ್ಣಾ, ಅದು ಯಾವಾಗಲೂ ನಡುವಲ್ಲೇ ಇರ್ತದೆ" ಅಂದ ತಮ್ಮ. ಹೌದು, ಇರುತ್ತದೆ. ಅದು ತೋರಿಸುವುದು ರೇಡಿಯೇಟರ್ ನೀರಿನ ಬಿಸಿ. ಥರ್ಮೊಸ್ಟ್ಯಾಟ್ ಅನ್ನುವ ಸಣ್ಣ ಬಾಗಿಲು ಅದನ್ನು 80-90 ಡಿಗ್ರಿಯ ಆಸುಪಾಸಿನಲ್ಲೇ ಇಡಲಿಕ್ಕೆ ನೋಡುತ್ತದೆ. ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಅನ್ನುವುದು ಆ ನೀರಿಗೆ ಗೊತ್ತಾಗಲಿಕ್ಕೆ ನಿಮಿಷಗಳೇ ಬೇಕು. ಆ ಮುಳ್ಳು ಕೆಂಪಿಗೆ ಹೋಗುವ ಹೊತ್ತಿಗೆ ಆಗಬೇಕಾದ್ದು ಆಗಿರುತ್ತದೆ.

ಇಲ್ಲಿ ಡೀಸೆಲ್ಲಿನ ಗುಣ ಒಂದನ್ನು ಹೇಳಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಕಡಿಮೆಯಾದರೆ ಬಿಸಿ ಹೆಚ್ಚುವ ಅಪಾಯ. ಡೀಸೆಲ್ಲಿನಲ್ಲಿ ತಿರುಗುಮುರುಗು. ಎಕ್ಸಲೇಟರ್ ಒತ್ತಿದಷ್ಟೂ ಡೀಸೆಲ್ ಬೀಳುತ್ತದೆ, ಬಿದ್ದಷ್ಟೂ ಬಿಸಿ. ಗಾಳಿ ಸಾಕಾಗದೆ ಹೋದರೆ ಉರಿಯದೆ ಉಳಿದದ್ದು ಕಪ್ಪು ಹೊಗೆಯಾಗಿ ಹೋಗುತ್ತದೆ. ಹೊಗೆ ಅಂದರೆ ದುಡ್ಡು ಹೋಗುತ್ತಿದೆ ಅಂತ, ಜೊತೆಗೆ ಒಳಗೆ ಬೆಂಕಿ ಮಿತಿ ಮೀರುತ್ತಿದೆ ಅಂತ.

ಶಿರಾಡಿಯಲ್ಲಿ ಎಷ್ಟು ಡೀಸೆಲ್ ಬೇಕು? ಸಮುದ್ರದ ಮಟ್ಟದಿಂದ ಹೊರಟ ಗಾಡಿ ಸಕಲೇಶಪುರ ಮುಟ್ಟುವಾಗ ಸುಮಾರು 900 ಮೀಟರ್ ಮೇಲೆ ಇರುತ್ತದೆ. ಲೋಡು ಸೇರಿ 16 ಟನ್ ತೂಗುವ ಲಾರಿಯನ್ನು ಅಷ್ಟು ಎತ್ತರಕ್ಕೆ ಬರೀ ಎತ್ತಲಿಕ್ಕೇ, ಎಂಜಿನ್ನು ಡೀಸೆಲ್ಲಿನ ಶಕ್ತಿಯ ಶೇ 35 ಮಾತ್ರ ಬಳಸುತ್ತದೆ ಅಂತ ಹಿಡಿದರೆ, 11 ಲೀಟರ್ ಬೇಕು. ಚಕ್ರದ ತಿಕ್ಕಾಟ, ಗಾಳಿಯ ತಡೆ ಇದರ ಮೇಲೆ. ಮಿಕ್ಕಿದ ಶಕ್ತಿ ಬಿಸಿಯಾಗಿ ಹೋಗುವುದು, ಅರ್ಧಕ್ಕರ್ಧ ರೇಡಿಯೇಟರಿಗೆ, ಅರ್ಧಕ್ಕರ್ಧ ಸೈಲೆನ್ಸರಿಗೆ. ಅದರಲ್ಲೂ ಹೆಚ್ಚಿನದ್ದು ಗುಂಡ್ಯದಿಂದ ಮಾರನಹಳ್ಳಿಯವರೆಗಿನ ತುಂಡು ದಾರಿಯಲ್ಲಿ. ಟರ್ಬೊ ಸುಡುವುದಾದರೆ ಅಲ್ಲೇ.

ಗೇಜಿನ ಕೆಲಸ ಬಹಳ ಸರಳ. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಸೇರಿಸಿ ಬಿಸಿ ಮಾಡಿದರೆ ಅಲ್ಲೊಂದು ಚೂರು ವಿದ್ಯುತ್ ಹುಟ್ಟುತ್ತದೆ. ಥಾಮಸ್ ಸೀಬೆಕ್ 1821ರಲ್ಲಿ ಕಂಡುಕೊಂಡದ್ದು. ಇದಕ್ಕೆ ಥರ್ಮೊಕಪಲ್ ಅಂತ ಹೆಸರು. ಲಾರಿಗೆ ಹಾಕುವ ಕೆ-ಟೈಪ್ ಥರ್ಮೊಕಪಲ್ 700 ಡಿಗ್ರಿಗೆ ಕೊಡುವುದು ಸುಮಾರು 29 ಮಿಲಿವೋಲ್ಟ್. ಅಷ್ಟನ್ನು ಓದಿ ಗೇಜ್ ಡಿಗ್ರಿ ತೋರಿಸುತ್ತದೆ. ಎಕ್ಸಲೇಟರ್ ಒತ್ತಿದ ಒಂದೆರಡು ಸೆಕೆಂಡಿನಲ್ಲೇ ಮುಳ್ಳು ಏಳುತ್ತದೆ.

ಸಾಮಾನ್ಯವಾಗಿ ಟರ್ಬೊಗೆ ಮೊದಲು ಅಳೆದಾಗ 700 ಡಿಗ್ರಿಯನ್ನು ಗೆರೆ ಅಂತ ಇಟ್ಟುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ದಾಟಿದರೆ ಪರವಾಗಿಲ್ಲ, ಅಲ್ಲೇ ನಿಂತರೆ ಕಷ್ಟ. ಅಲ್ಯೂಮಿನಿಯಂ ಕರಗುವುದೇ 660 ಡಿಗ್ರಿಯಲ್ಲಿ. ಪಿಸ್ಟನ್ನು ಕರಗದೆ ಉಳಿಯುವುದು ಎಣ್ಣೆ, ನೀರು ಅದರ ಬಿಸಿಯನ್ನು ಒಂದೇ ಸಮನೆ ಹೊತ್ತೊಯ್ಯುವುದರಿಂದ.

ಬೈಕಂಪಾಡಿಯ ಎರಡು ಶನಿವಾರ

ಗೇಜು, ಪ್ರೋಬು, ವಯರು ಸೇರಿ ನಾಲ್ಕೂವರೆ ಸಾವಿರ ಆಯಿತು. ಹಾಕುವುದು ಸುಲಭ ಅಂದುಕೊಳ್ಳಬೇಡಿ. ಪ್ರೋಬ್ ಕೂರಬೇಕಾದ್ದು ಮ್ಯಾನಿಫೋಲ್ಡಿನಲ್ಲಿ, ಎಲ್ಲ ಸಿಲಿಂಡರಿನ ಗಾಳಿ ಸೇರಿದ ಮೇಲೆ, ಟರ್ಬೊಗೆ ಸ್ವಲ್ಪ ಮೊದಲು. ಟರ್ಬೊ ದಾಟಿದ ಮೇಲೆ ಹಾಕಿದರೆ ಕೆಲಸ ಸುಲಭ, ಆದರೆ ಲೋಡಿನಲ್ಲಿ ನೂರು-ಇನ್ನೂರು ಡಿಗ್ರಿ ಕಡಿಮೆ ತೋರಿಸುತ್ತದೆ. ಕಡಿಮೆ ತೋರಿಸಿ ಸಮಾಧಾನ ಮಾಡುವ ಗೇಜಿಗಿಂತ ಗೇಜೇ ಇಲ್ಲದಿರುವುದು ವಾಸಿ.

ಮ್ಯಾನಿಫೋಲ್ಡಿಗೆ ತೂತು ಕೊರೆದು ಒಳಗೆ ಮರೆ ಹಾಕಬೇಕು. ಕೊರೆದ ಕಬ್ಬಿಣದ ಚೂರು ಒಂದೇ ಒಂದು ಒಳಗೆ ಉಳಿದರೂ ಸೀದಾ ಲಕ್ಷ ಸುತ್ತಿನ ಚಕ್ರಕ್ಕೆ ಹೋಗಿ ಬಡಿಯುತ್ತದೆ. ಗ್ರೀಸ್ ಹಚ್ಚಿ, ಮ್ಯಾಗ್ನೆಟ್ ಇಟ್ಟು ಗಾಡಿಯಲ್ಲೇ ಕೊರೆಯುವವರು ಇದ್ದಾರೆ. ಅಣ್ಣೆರ್ ಒಪ್ಪಲಿಲ್ಲ. ಮ್ಯಾನಿಫೋಲ್ಡನ್ನೇ ಬಿಚ್ಚಿಸಿದರು. ಎರಡು ಸ್ಟಡ್ ಅಲ್ಲೇ ಮುರಿಯಿತು. ಅವನ್ನು ತೆಗೆಯುವಷ್ಟರಲ್ಲಿ ಒಂದು ಶನಿವಾರ ಪೂರ್ತಿ ಹೋಯಿತು. ಆದರೆ ಬಿಚ್ಚಿದ್ದು ಒಳ್ಳೆಯದೇ ಆಯಿತು. ಒಂದು ಬಾಯಿಯ ಸುತ್ತ ಗ್ಯಾಸ್ಕೆಟ್ ಸೋರಿದ ಕಪ್ಪು ಮಸಿ ಗೆರೆ ಇತ್ತು. ಹೊಸ ಗ್ಯಾಸ್ಕೆಟ್ ಬಿತ್ತು.

ಎರಡನೇ ಶನಿವಾರ ವಯರಿಂಗ್. ಗೇಜು 12 ವೋಲ್ಟಿನದ್ದು, ಲಾರಿಯದ್ದು 24. ನಡುವೆ ಒಂದು ಕನ್ವರ್ಟರ್, ಒಂದು ಫ್ಯೂಸ್. ವಯರು ಉದ್ದ ಆಯಿತು ಅಂತ ಹುಡುಗನೊಬ್ಬ ಕಟ್ಟಿಂಗ್ ಪ್ಲೇಯರ್ ಹಿಡಿದು ಬಂದ. ಅವನನ್ನು ತಡೆದೆ, ಇಡೀ ಕೆಲಸದಲ್ಲಿ ನನ್ನ ಓದು ಉಪಯೋಗಕ್ಕೆ ಬಂದದ್ದು ಅಲ್ಲೊಂದೇ ಕಡೆ. ಥರ್ಮೊಕಪಲ್ ವಯರನ್ನು ಮನಸ್ಸು ಬಂದ ಹಾಗೆ ಕತ್ತರಿಸಿ ಸಾದಾ ತಾಮ್ರದ ವಯರಿಗೆ ಜೋಡಿಸುವಂತಿಲ್ಲ. ಆ ಜೋಡಣೆಯೇ ಇನ್ನೊಂದು ಥರ್ಮೊಕಪಲ್ ಆಗಿ ಲೆಕ್ಕ ತಪ್ಪುತ್ತದೆ. ಉಳಿದ ವಯರನ್ನು ಸುತ್ತಿ ಡ್ಯಾಶ್‌ಬೋರ್ಡಿನ ಹಿಂದೆ ಕಟ್ಟಿದೆವು.

ಗುಂಡ್ಯದ ನಂತರ

ರಾತ್ರಿ ಹತ್ತಕ್ಕೆ ಬಿಟ್ಟೆವು. ಬಿ.ಸಿ.ರೋಡ್, ಮಾಣಿ, ಉಪ್ಪಿನಂಗಡಿ, ನೆಲ್ಯಾಡಿ. ಸಮ ರಸ್ತೆಯಲ್ಲಿ ಮುಳ್ಳು 350-400ರಲ್ಲಿ ಆಟವಾಡುತ್ತಿತ್ತು. ಗುಂಡ್ಯ ದಾಟಿ ಏರು ಶುರುವಾದ ಮೇಲೆ 500, 580, 650. ತಮ್ಮ ನಾಲ್ಕನೇ ಗೇರಿನಲ್ಲಿ ಕಾಲು ಪೂರ್ತಿ ಒತ್ತಿ ಎಳೆಯುತ್ತಿದ್ದ. ಎಂಜಿನ್ ಗುರುಗುಟ್ಟುತ್ತಿತ್ತು. 720. 740. ನೀರಿನ ಮುಳ್ಳು ನಡುವೆಯೇ ಆರಾಮವಾಗಿ ಕೂತಿತ್ತು.

"ಗೇರ್ ಇಳಿಸು."

"ಇಳಿಸಿದ್ರೆ ಡೀಸೆಲ್ ಜಾಸ್ತಿ ಕುಡೀತದೆ ಅಣ್ಣಾ."

"ಒಮ್ಮೆ ಇಳಿಸಿ ನೋಡು ಮಾರಾಯ."

ಮೂರಕ್ಕೆ ಹಾಕಿದ, ಕಾಲು ಸ್ವಲ್ಪ ಸಡಿಲ ಮಾಡಿದ. ಎಂಜಿನ್ ವೇಗವಾಗಿ ತಿರುಗಿತು, ಟರ್ಬೊ ಹೆಚ್ಚು ಗಾಳಿ ಒತ್ತಿತು, ಪ್ರತಿ ಹೊಡೆತಕ್ಕೆ ಬೀಳುವ ಡೀಸೆಲ್ ಕಡಿಮೆಯಾಯಿತು. ಮುಳ್ಳು 640ಕ್ಕೆ ಇಳಿಯಿತು. ಗಾಡಿಯ ವೇಗ ಗಂಟೆಗೆ ಮೂರ್ನಾಲ್ಕು ಕಿಲೋಮೀಟರ್ ಕಡಿಮೆ, ಅಷ್ಟೇ. ಅವನು ಏನೂ ಮಾತಾಡಲಿಲ್ಲ. ಎಷ್ಟು ವರ್ಷ ಹೀಗೇ ನಾಲ್ಕರಲ್ಲಿ ಎಳೆದಿರಬೇಕು ಅಂತ ಯೋಚಿಸುತ್ತಿದ್ದ ಅಂತ ಕಾಣುತ್ತದೆ.

ಆದರೂ ಮೂರನೇ ಗೇರಿನಲ್ಲಿ 640 ನನಗೆ ಜಾಸ್ತಿಯೇ ಅನಿಸಿತು. ಹೊಗೆಯೂ ಇತ್ತು. ಸಕಲೇಶಪುರದಲ್ಲಿ ನಿಲ್ಲಿಸಿ ಅಣ್ಣೆರಿಗೆ ಫೋನ್ ಮಾಡಿದರೆ ಅವರು ಒಂದೇ ಮಾತು ಹೇಳಿದ್ದು: "ಗಾಳಿ ಎಲ್ಲೋ ಹೋಗ್ತಾ ಉಂಟು." ವಾಪಸು ಬಂದ ಮೇಲೆ ಹುಡುಕಿದರು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸು ಕ್ಲಾಂಪಿನ ಅಡಿಯಲ್ಲಿ ಸೀಳಿತ್ತು. ನಿಂತಾಗ ಕಾಣುವುದಿಲ್ಲ, ಲೋಡಿನಲ್ಲಿ ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಟರ್ಬೊ ಕಷ್ಟಪಟ್ಟು ಒತ್ತಿದ ಗಾಳಿ ಎಂಜಿನ್ನಿಗೆ ಮುಟ್ಟುವ ಮೊದಲೇ ಹೊರಗೆ. ಪಿಕಪ್ ಇಲ್ಲದ್ದು, ಹೊಗೆ, ಬಿಸಿ, ಬಹುಶಃ ಹೋದ ವರ್ಷದ ಟರ್ಬೊ ಕೂಡ ಇದರದ್ದೇ ಕೆಲಸ. ಹೋಸು, ಎರಡು ಕ್ಲಾಂಪು ಸೇರಿ ಸಾವಿರದ ಇನ್ನೂರು. ಮುಂದಿನ ಟ್ರಿಪ್ಪಿನಲ್ಲಿ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ 560 ತೋರಿಸಿತು ಅಂತ ಫೋಟೊ ಕಳಿಸಿದ. ಫೋಟೊ ತೆಗೆದದ್ದು ಕ್ಲೀನರ್ ಅಂತ ಬೇರೆ ಬರೆದಿದ್ದ, ನಾನು ಬಯ್ಯುತ್ತೇನೆ ಅಂತ.

ಇಪ್ಪತ್ತೆರಡು ಸಾವಿರದ ಹೆಡರ್ ಹಾಕಿದ್ದರೂ ಆ ಹೋಸು ಸೀಳಿದ ಹಾಗೇ ಇರುತ್ತಿತ್ತು.

ನಿಮ್ಮಲ್ಲಿ ಕೆಲವರ ಹತ್ತಿರ ಡೀಸೆಲ್ ಥಾರ್ ಇರಬಹುದು, ಪಿಕಪ್ ಇರಬಹುದು, ಊರಲ್ಲಿ ಅಪ್ಪನ ಗೂಡ್ಸ್ ಗಾಡಿ ಇರಬಹುದು. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಯಾದರೆ ತೂತು ಕೊರೆಯುವ ಗೋಜಿಗೇ ಹೋಗಬೇಡಿ. ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಆಗಾಗ ಸುಮಾರು 600 ಡಿಗ್ರಿಯಲ್ಲಿ ಸುಟ್ಟು ಸ್ವಚ್ಛ ಮಾಡಬೇಕಾದ್ದರಿಂದ ಅಲ್ಲಿ ಕಂಪನಿಯೇ ಬಿಸಿ ಅಳೆಯುವ ಸೆನ್ಸರ್ ಇಟ್ಟಿರುತ್ತದೆ. ಸ್ಟೀರಿಂಗ್ ಅಡಿಯ ಒಬಿಡಿ ಸಾಕೆಟ್ಟಿಗೆ ಸಣ್ಣ ಬ್ಲೂಟೂತ್ ಡಾಂಗಲ್ ಸಿಕ್ಕಿಸಿದರೆ ಹಲವು ಗಾಡಿಗಳಲ್ಲಿ ಆ ನಂಬರ್ ಫೋನಿನಲ್ಲೇ ಕಾಣುತ್ತದೆ. ಅದನ್ನು ಪಕ್ಕದಲ್ಲಿ ಕೂತವರು ನೋಡಲಿ. ಇಂಥ ಗಾಡಿಯ ಮ್ಯಾನಿಫೋಲ್ಡ್ ಬದಲಾಯಿಸಿದರೆ ಕಂಪ್ಯೂಟರಿಗೆ ಲೆಕ್ಕ ತಪ್ಪಿ ಲೈಟ್ ಹತ್ತಬಹುದು, ಎಂಜಿನ್ನಿನ ಶಕ್ತಿಯನ್ನು ತಾನೇ ತಗ್ಗಿಸಬಹುದು, ವಾರಂಟಿಯ ತಕರಾರು ಬೇರೆ.

ತಮ್ಮನಿಗೆ ಗೇಜಿನಿಂದ ಇನ್ನೊಂದು ಅಭ್ಯಾಸ ಬಂದಿದೆ. ಮೊದಲೆಲ್ಲ ಘಾಟಿ ಹತ್ತಿ ಮಾರನಹಳ್ಳಿಯಲ್ಲಿ ಚಾಕ್ಕೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸಿ ಇಳಿಯುತ್ತಿದ್ದ. ಎಂಜಿನ್ ನಿಂತರೆ ಟರ್ಬೊಗೆ ಎಣ್ಣೆ ನಿಲ್ಲುತ್ತದೆ. ಕೆಂಪಗೆ ಕಾದ ಟರ್ಬೊದೊಳಗೆ ಉಳಿದ ಎಣ್ಣೆ ಸುಟ್ಟು ಬೇರಿಂಗಿಗೆ ಕರಿ ಹಿಡಿಯುತ್ತದೆ. ಈಗ ಮುಳ್ಳು 200ಕ್ಕೆ ಇಳಿಯುವವರೆಗೆ ಎಂಜಿನ್ ಚಾಲೂ ಇಟ್ಟು ಸೀಟಿನಲ್ಲೇ ಕೂತಿರುತ್ತಾನೆ. ಮೂರು ನಿಮಿಷ, ಕೆಲವೊಮ್ಮೆ ನಾಲ್ಕು. ಕ್ಲೀನರ್ ಅಷ್ಟರಲ್ಲಿ ಟೈರು ಮುಟ್ಟಿ ನೋಡಿ, ಚಾ ಹೇಳಿ ಬಂದಿರುತ್ತಾನೆ.